ಬೀಸುವ ಕೈ ಕೊರೆದ ಸಿಲಿಂಡರ್

ಆಳಂದಕ್ಕೆ ಹಿಟ್ಟಿನ ಗಿರಣಿ ಬಂದಿರದ ದಿನಗಳವು. ನಸುಕಿನಲ್ಲಿ ನಮ್ಮ ಓಣಿಯ ಮನೆಮನೆಯಿಂದ ಬೀಸುವ ಕಲ್ಲಿನ ಸದ್ದು ಏಳುತ್ತಿತ್ತು. ಆ ಸದ್ದು ನಿಂತಾಗ ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಗಡಿಯಾರ ಇಲ್ಲದ ನಮಗೆ ಅಷ್ಟೇ ಸಾಕಾಗಿತ್ತು.

ನನಗಾಗ ಹತ್ತು ವರ್ಷ. ನಲವತ್ತೇಳು ಮುಗಿದು ನಲವತ್ತೆಂಟು ಹಿಡಿದಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ ಎನ್ನುತ್ತಿದ್ದರು; ನಾವು ಮಾತ್ರ ಇನ್ನೂ ನಿಜಾಮನ ರಾಜ್ಯದಲ್ಲೇ ಇದ್ದೆವು. ಹಿರೋಳ್ಳಿಯಾಚೆಯ ಗಡಿ ಬಿಗಿಯಾಗಿ ಸೊಲ್ಲಾಪುರದಿಂದ ಬರುತ್ತಿದ್ದ ಸೀಮೆಎಣ್ಣೆ, ಮಷಿನ್ ಎಣ್ಣೆ, ಮೊಳೆ ಎಲ್ಲವೂ ನಿಂತುಹೋಗಿದ್ದವು. ಅಪ್ಪ ಹನ್ನೆರಡು ವರ್ಷ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಮಿಸ್ತ್ರಿಯಾಗಿದ್ದ. ನನಗೆ ಅವನು ದೀಪಾವಳಿಗೆ ಬಂದು ಹೋಗುವ ಮನುಷ್ಯ. ಆ ವರ್ಷ ಬಂದವನು ಉಳಿದುಬಿಟ್ಟ. ಅಷ್ಟರಲ್ಲಿ ಗಿರಣಿಯಿಂದ ಕಾಗದ ಬಂತು: ಯುಗಾದಿಯೊಳಗೆ ಬರದಿದ್ದರೆ ಕೆಲಸ ಇನ್ನೊಬ್ಬರಿಗೆ. ಹೋದರೆ ಮತ್ತೆ ಯಾವಾಗ ಬರುವುದೋ ಯಾರಿಗೂ ತಿಳಿಯದು. ಆ ಕಾಗದವನ್ನು ಅವ್ವ ದೇವರ ಗೂಡಿನ ಹಿಂದೆ ಇಟ್ಟಳು, ಅಲ್ಲಿದ್ದರೆ ಅದು ಸುಮ್ಮನಿರುತ್ತದೆ ಎನ್ನುವ ಹಾಗೆ.

ಆಗ ಒದಗಿದ್ದು ನಮ್ಮೂರಿನ ಖಾದರ ಸಾಹೇಬರ ಫಟಫಟಿ, ಎಂದರೆ ಮೋಟಾರ್ ಸೈಕಲ್. ಸಾಹೇಬರು ಹರೆಯದಲ್ಲಿ ಹೈದರಾಬಾದಿನಲ್ಲಿ ರೇಸು ಓಡಿಸಿದವರು. ಆ ರೇಸಿನ ಗಾಡಿ ಇಪ್ಪತ್ತು ವರ್ಷದಿಂದ ಅವರ ಕೊಟ್ಟಿಗೆಯಲ್ಲಿ ನಿಂತಿತ್ತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಇಂಜಿನ್ನಿಗಿದ್ದುದು ಒಂದೇ ಸಿಲಿಂಡರ್. ಅದರ ಒಳಮೈ ತುಕ್ಕು ತಿಂದು ಕುಳಿಬಿದ್ದಿತ್ತು.

"ಶಿವಪ್ಪ, ಇದರ ಆವಾಜ ಇನ್ನೊಮ್ಮೆ ಕೇಳಿಸಿದಿ ಅಂದ್ರ ಬಾಗಿಲ ಬಾಜೂಕಿನ ಕೋಣಿ ನಿನ್ನ ಕಾರಖಾನಿಗೆ" ಎಂದರು ಸಾಹೇಬರು. "ಖರೆ, ಹತ್ಯಾರ ಎಲ್ಲದಾವೋ ನಿನ್ನ ಹಂತ್ಯಾಕ?"

"ಮಾಡ್ಕೊಂತೇನ್ರಿ ಸಾಹೇಬ್ರ."

"ಹತ್ಯಾರ ಮಾಡಾಕೂ ಹತ್ಯಾರ ಬೇಕಲ್ಲೋ ದಿವಾನೆ!"

ಅಪ್ಪ ನಕ್ಕ. ಕಾರಖಾನೆ ಆದರೆ ಸೊಲ್ಲಾಪುರಕ್ಕೆ ಹೋಗಬೇಕಿಲ್ಲ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಜೇವರ್ಗಿಯಲ್ಲಿ ಕೆಟ್ಟು ನಿಂತಿದ್ದ ಲಾರಿಯೊಂದರಿಂದ ಅಪ್ಪ ಒಂದು ಪಿಸ್ಟನ್ ತಂದ. ಅದು ಹಳೆಯದಕ್ಕಿಂತ ತುಸು ದಪ್ಪ. ಇನ್ನು ಸಿಲಿಂಡರನ್ನು ಅದರ ಅಳತೆಗೆ ಕೊರೆಯಬೇಕು. ಮುರಿದ ಬಂಡಿಯ ಕಬ್ಬಿಣದ ಅಚ್ಚು ಕೊರೆಯುವ ಸಲಾಕೆಯಾಯಿತು. ಅದರ ಹೊಟ್ಟೆಗೆ ತೂತು ಹಾಕಿ, ಕಬ್ಬಿಣ ಉಜ್ಜುವ ಸವೆದ ಕಾನಸಿನ ತುಂಡನ್ನು ಕುಲುಮೆಯಲ್ಲಿ ಕಾಸಿ ಹದಮಾಡಿ ಬಾಯಿ ಮಸೆದು ಕೂರಿಸಿದ. ಸಲಾಕೆ ಅಲುಗದಂತೆ ಹಿಡಿಯಲು ಜಾಲಿಯ ಎರಡು ತುಂಡು. ಅಂಗಳದಲ್ಲಿ ಕುಣಿ ತೋಡಿ ಸಿಲಿಂಡರನ್ನು ಅದರಲ್ಲಿ ಬಿಗಿದ. ಎಲ್ಲ ಆದಮೇಲೆ ಅಡುಗೆಮನೆಗೆ ಬಂದು ಬೀಸುವ ಕಲ್ಲಿನ ಮುಂದೆ ಕೂತ.

"ಮ್ಯಾಲಿನ ಕಲ್ಲ ಬೇಕಾಗಿತ್ತ."

"ಹನ್ನೆರಡ ವರ್ಷ ದುಡದ ಬಂದು ನನ್ನ ಕಲ್ಲಿನ ಮ್ಯಾಲ ಕಣ್ಣ ಹಾಕೀರಲ್ಲ" ಎಂದಳು ಅವ್ವ. "ಹಿಟ್ಟ ಎದರಾಗ ಬೀಸ್ಲಿ? ಸಾಹೇಬ್ರ ಫಟಫಟ್ಯಾಗೇನು?"

ಅಂದರೂ ಕೊಟ್ಟಳು. ನಮ್ಮ ಮನೆಯ ಜೋಳ ನೆರೆಮನೆಯ ಕಲ್ಲಿಗೆ ಹೋಯಿತು.

ಕಲ್ಲನ್ನು ಸಲಾಕೆಯ ನೆತ್ತಿಗೆ ಬಿಗಿದು ಅದರ ಗೂಟ ಹಿಡಿದು ತಿರುಗಿಸಿದರೆ ಕಾನಸಿನ ತುದಿ ಒಳಮೈಯನ್ನು ಹೆರೆಯುತ್ತ ಇಳಿಯಬೇಕು. ಕಲ್ಲು ಒಮ್ಮೆಲೆ ಕುಸಿಯದಂತೆ ತಳದಲ್ಲಿ ಒಂದು ತಿರುಪು ಇತ್ತು. ಅಪ್ಪ ಒಂದು ಮೊಳೆಯುದ್ದ ಕೊರೆದು ನಿಲ್ಲಿಸಿದ. ಒಳಗೆ ಬೆರಳಾಡಿಸಿದರೆ ನುಣುಪಿಲ್ಲ, ಏಣು ಏಣು.

"ಕೈ ಜಿಗ್ಯಾಕತ್ತದ" ಎಂದ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸರೀರಿ ಆ ಕಡಿ" ಎಂದು ಬಂದು, ಬೀಸಲು ಕೂಡುವ ಹಾಗೆ ಒಂದು ಕಾಲು ಚಾಚಿ ಕೂತು, ಗೂಟ ಹಿಡಿದಳು. ಕಲ್ಲು ಸುತ್ತತೊಡಗಿತು. ಎಳೆತವಿಲ್ಲ, ತಡೆತವಿಲ್ಲ. ಅವಳು ಹತ್ತು ಸುತ್ತು ತಿರುಗಿಸಿದರೆ ಅಪ್ಪ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸುತ್ತಿದ್ದ. ಅವಳು ಬೀಸುವಾಗಿನಂತೆಯೇ ಏನೋ ಗುನುಗುತ್ತಿದ್ದಳು. ಕಬ್ಬಿಣದ ಪುಡಿ ಕಪ್ಪು ಹಿಟ್ಟಿನಂತೆ ಕುಣಿಯೊಳಗೆ ಉದುರುತ್ತಿತ್ತು. ಮೂರು ದಿನ ಕೊರೆದ ಮೇಲೆ ಅಪ್ಪ ಒಳಗೆ ಕೈಯಿಟ್ಟು ಮೇಲಿನಿಂದ ತಳದವರೆಗೆ ಸವರಿ ನೋಡಿದ.

"ಸೊಲ್ಲಾಪುರದ ಮಷಿನ್ನಿಗೂ ಇಷ್ಟ ಸಾಪ ಬರ್ತಿದ್ದಿಲ್ಲ, ನೋಡು."

"ಮಷಿನ್ ನಸಿಕ್ನ್ಯಾಗ ಎದ್ದು ಬೀಸ್ತಿದ್ದಿಲ್ಲಲ್ಲ" ಎಂದಳು ಅವ್ವ.

ಅಳತೆ ನೋಡುವ ಕೆಲಸ ನನ್ನದು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಗಾಳಿಪಟದ ಕಾಗದದ ಒಂದು ಪಟ್ಟಿ ಹೋಗಬೇಕು, ಎರಡು ಹೋಗಬಾರದು. ಎಳೆದಾಗ ಕಾಗದ ಎಷ್ಟು ಬಿಗಿ ಎಂಬುದು ಅಪ್ಪನ ದಡ್ಡುಗಟ್ಟಿದ ಬೆರಳಿಗೆ ತಿಳಿಯುತ್ತಿರಲಿಲ್ಲ, ನನ್ನದಕ್ಕೆ ತಿಳಿಯುತ್ತಿತ್ತು. ನಾನು "ಹೂಂ" ಎಂದ ದಿನ ಅವನು ಸಿಲಿಂಡರನ್ನು ನನ್ನ ಮಡಿಲಿಗಿಟ್ಟ.

"ನಾ ಅಫಜಲಪುರಕ್ಕ ಹೋಗಿ ಪಿಸ್ಟನ್ನಿಗೆ ರಿಂಗ್ ಕೊರಿಸ್ಕೊಂಡ ಬರ್ತೇನಿ. ಎಂಟ ದಿನ. ದಿನಾ ಒಳಗ ಎಣ್ಣಿ ಸವರು ನೀಲವ್ವ. ತುಕ್ಕ ಹತ್ತಬಾರದು."

ಡಬ್ಬಿಯಲ್ಲಿದ್ದ ಮಷಿನ್ ಎಣ್ಣೆ ಎರಡನೆಯ ದಿನಕ್ಕೆ ಮುಗಿಯಿತು. ಅಂಗಡಿಯಲ್ಲಿ ಇರಲಿಲ್ಲ. ಮನೆಯಲ್ಲಿ ಕುಸುಬಿ ಎಣ್ಣೆ ಇತ್ತು. ಗಾಣದಿಂದ ಆಗಷ್ಟೇ ಬಂದದ್ದು, ಬೆಚ್ಚನೆ ಘಮದ, ಹೊನ್ನಿನ ಬಣ್ಣದ ಎಣ್ಣೆ. ನಾವು ರೊಟ್ಟಿಯ ಜೊತೆ ಶೇಂಗಾ ಹಿಂಡಿಯ ಚಟ್ನಿಗೆ ಹಾಕಿಕೊಂಡು ತಿನ್ನುತ್ತಿದ್ದುದು. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡುತ್ತಿದ್ದೇನೆಂದು ಆರು ದಿನ, ಯಾರನ್ನೂ ಕೇಳದೆ, ಸವರಿದೆ. ಸವರಿ ಬಿಸಿಲಿಗಿಟ್ಟೆ.

ಅಪ್ಪ ಬಂದು ಪಿಸ್ಟನ್ ಇಳಿಸಿದ. ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು. ಸುತ್ತಿಗೆಯ ಹಿಡಿಯಿಂದ ತಟ್ಟಿ ಹೊರತೆಗೆದರೆ ಅದರ ಮೈಗೆಲ್ಲ ಹಳದಿ ಅಂಟು. ಯುಗಾದಿಗೆ ಐದು ದಿನ ಉಳಿದಿತ್ತು.

"ಯಾವ ಎಣ್ಣಿ?" ಎಂದ.

ನಾನು ಹೇಳಿದೆ. ಅವನು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿದ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಕಾನಸಿನಿಂದ ಕೆರೆದರೆ ಅಳತೆ ಹೋಗುತ್ತದೆ, ಕೆರೆಯದಿದ್ದರೆ ಪಿಸ್ಟನ್ ಹೋಗುವುದಿಲ್ಲ. ನನ್ನ ಕಣ್ಣು ದೇವರ ಗೂಡಿನ ಕಡೆಗೇ ಹೋಗುತ್ತಿತ್ತು.

ಅವ್ವ ಬಂದು ಒಳಗೆ ಬೆರಳಿಟ್ಟು ನೋಡಿದಳು. ಅವಳ ತವರು ಕಿಣ್ಣಿ ಸುಲ್ತಾನವೆಂಬ ಹಳ್ಳಿ, ಒಕ್ಕಲುತನದ ಮನೆ.

"ಹುಚ್ಚವ್ವ, ಬಾವ್ಯಾಗ ನೀರ ಜಗ್ಗೋ ತೊಗಲ ಚೀಲಕ್ಕ ನಮ್ಮಪ್ಪ ಇದನ್ನ ಹಚ್ತಿದ್ದ. ಒಣಗಿದ್ರ ಅರಗಿನಂಗ ಆಗ್ತದ, ನೀರ ಸುದ್ದಾ ಹೋಗಂಗಿಲ್ಲ. ತಿನ್ನೋದಕ್ಕ ಕುಸುಬಿ. ತಿರುಗೋದಕ್ಕ ಔಡಲ. ಬಂಡಿ ಗಾಲಿಗೆ ಏನ ಹಾಕ್ತಾರ, ನೋಡಿಲ್ಲೇನ್ ಬೇ?"

ಅವ್ವ ಒಲೆಯ ಬೂದಿಯನ್ನೆಲ್ಲ ಹಂಡೆಗೆ ಸುರಿದು, ಬಟ್ಟೆ ಒಗೆಯುವ ಸವಳು ಬೆರೆಸಿ, ಸಿಲಿಂಡರನ್ನು ಅದರಲ್ಲಿ ಕುದಿಸಿದಳು. ಎರಡು ದಿನ ನಾನು ಹಂಡೆಯ ಮುಂದೆಯೇ ಕೂತೆ. ಅಂಟು ಸಿಪ್ಪೆಸಿಪ್ಪೆಯಾಗಿ ಬಿಟ್ಟಿತು. ತೊಳೆದು ಒರೆಸಿ, ತುಕ್ಕು ಹತ್ತುವ ಮೊದಲೇ ಔಡಲ ಎಣ್ಣೆ, ಎಂದರೆ ಹರಳೆಣ್ಣೆ, ಸವರಿದೆವು. ಪಿಸ್ಟನ್ ಇಳಿಸಿ ಕಾಗದದ ಪಟ್ಟಿ ಎಳೆದು ನೋಡಿದೆ. ನಂಬಿಕೆ ಬಾರದೆ ಮತ್ತೊಮ್ಮೆ ಎಳೆದೆ. ಒಂದು ಹೋಯಿತು. ಎರಡು ಹೋಗಲಿಲ್ಲ.

ಯುಗಾದಿಯ ಹಿಂದಿನ ದಿನ ಸಾಹೇಬರ ಅಂಗಳದಲ್ಲಿ ಅಪ್ಪ ಗಾಡಿಯನ್ನು ತಳ್ಳುತ್ತ ಓಡಿದ. ಮೊದಲೆರಡು ಸಲ ಅದು ಬರೀ ಕೆಮ್ಮಿತು. ಮೂರನೆಯ ಸಲ ಒಮ್ಮೆಲೆ ಗುಡುಗಿತು; ಕೋಳಿಗಳೆಲ್ಲ ಗೋಡೆ ಹತ್ತಿದವು. ನೀಲಿ ಹೊಗೆ ತುಂಬಿತು, ಅದರಲ್ಲಿ ಸುಟ್ಟ ಔಡಲದ ಗಾಟು. ಸಾಹೇಬರು ಕುರ್ಚಿಯಿಂದ ಎದ್ದು ಹೊಗೆಯೊಳಗೇ ನಿಂತರು.

"ಶಿವಪ್ಪ, ಯಾವ ಎಣ್ಣಿ ಹಾಕೀದಿ?"

ಅಪ್ಪ ಹೆದರಿದ. "ಔಡಲರಿ. ಬ್ಯಾರೆ ಸಿಗಲಿಲ್ರಿ."

"ಅರೆ, ರೇಸಿನಾಗ ಇದನ್ನೇ ಹಾಕ್ತಿದ್ವೋ! ಈ ವಾಸನಿ ಮೂಗಿಗೆ ಬಂದು ಇಪ್ಪತ್ತ ವರ್ಷ ಆತು. ನಿನಗ್ಯಾರು ಹೇಳಿದ್ರು?"

ಅಪ್ಪ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದ ಅವ್ವನ ಕಡೆ ಕೈ ಮಾಡಿದ. "ಇಕಿರಿ. ಕೊರೆದಾಕಿನೂ ಇಕಿನ. ಅಳತಿ ನನ್ನ ಮಗಳದು."

ಅಂದು ಸಂಜೆ ಅವ್ವ ಆ ಕಾಗದವನ್ನು ದೇವರ ಗೂಡಿನ ಹಿಂದಿನಿಂದ ತೆಗೆದು ಒಲೆಗೆ ಹಾಕಿದಳು.

ಆ ವರ್ಷ ನಿಜಾಮನ ರಾಜ್ಯ ಹೋದ ಗದ್ದಲ ಮುಗಿದಮೇಲೆ ಸಾಹೇಬರು ಮಗಳಿದ್ದ ಹೈದರಾಬಾದಿಗೆ ಹೋದರು. ಫಟಫಟಿಯೂ ಹೋಯಿತು, ಕೋಣೆ ಮಾತ್ರ ಮಾತಿನಂತೆ ಅಪ್ಪನದಾಗಿ ಉಳಿಯಿತು. ಅಪ್ಪನ ಕಾರಖಾನೆ ಬೆಳೆಯಿತು, ಅದರ ದುಡಿಮೆಯಲ್ಲೇ ನಾನು ಓದಿದೆ. ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕಾಗದದ ದಪ್ಪ ಅಳೆಯುವ ಉಪಕರಣ ಮೊದಲ ಸಲ ಕೈಗೆ ಬಂದಾಗ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆಳಂದಕ್ಕೆ ಹಿಟ್ಟಿನ ಗಿರಣಿ ಕೂರಿಸಿಕೊಟ್ಟವನೂ ಅಪ್ಪನೇ. ಬೀಸುವ ಕಲ್ಲುಗಳು ಒಂದೊಂದಾಗಿ ಗೋಡೆಗೊರಗಿದವು.

ಕಳೆದ ರಜೆಯಲ್ಲಿ ನಾನು ವಿಶ್ವವಿದ್ಯಾಲಯದಿಂದ ಊರಿಗೆ ಬಂದಾಗ ಕಾರಖಾನೆಗೆ ಯಾರದೋ ಹಳೆಯ ಇಂಜಿನ್ ಬಂದಿತ್ತು. ಅಪ್ಪ ಖುಷಿಯಿಂದ ಆ ಸಲಾಕೆಯನ್ನು ಹುಡುಕಿ ತೆಗೆದು, ಕಲ್ಲು ಬಿಗಿದು, ಅವ್ವನನ್ನು ಕರೆದ. ಅವಳು ಕಾಲು ಚಾಚಿ ಕೂತಳು. ನಾಲ್ಕು ಸುತ್ತು ತಿರುಗಿಸಿ ಬಿಟ್ಟಳು.

"ಕೈ ಮರ್ತದ್ರಿ" ಎಂದು ನಕ್ಕಳು.

ಅವಳೆದ್ದ ಜಾಗದಲ್ಲಿ ನಾನು ಕೂತೆ. ಗೂಟ ಅವಳ ಅಂಗೈಯ ಆಕಾರಕ್ಕೆ ಸವೆದಿತ್ತು. ನನ್ನ ಕೈ ಅದರಲ್ಲಿ ಸರಿಯಾಗಿ ಕೂಡಲಿಲ್ಲ. ಹತ್ತು ಸುತ್ತು ತಿರುಗಿಸಿ ಒಳಗೆ ಬೆರಳಾಡಿಸಿದೆ. ಏಣು ಏಣು. ಅಪ್ಪ ಕಾಗದದ ಪಟ್ಟಿ ಚಾಚಿದ. ಏಣಿನ ಮೈಗೆ ಅಳತೆ ಎಂಥದು; ನಾನು ಬೇಡವೆಂದು ತಲೆಯಾಡಿಸಿದೆ.