ದಾಕು ಹಾಕಲು ಕಲಿತದ್ದು

ಲೋವರ್ ಸೆಕೆಂಡರಿ ಪಾಸಾದ ಮೇಲೆ ನನಗೆ ಸಿಕ್ಕಿದ್ದು ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳಿಗೆ ಸಿಡುಬಿನ ದಾಕು ಹಾಕುವ ಕೆಲಸ. ಸರ್ಕಾರಿ ನೌಕರಿ ಎಂದು ಹೊಳಲಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಗ್ಗು. ನನಗೆ ಮಾತ್ರ ಮೊದಲ ವರ್ಷವಿಡೀ ಬೇಸರ. ನಾನು ಊರೊಳಗೆ ಕಾಲಿಟ್ಟೊಡನೆ ತಾಯಂದಿರು ಮಕ್ಕಳನ್ನು ಹುಲ್ಲಿನ ಮೆದೆಯ ಹಿಂದೆ ಬಚ್ಚಿಡುತ್ತಿದ್ದರು. ಊರ ಕಾವಲಿನ ತಳವಾರ ಅವರನ್ನು ಹಿಡಿದು ತರುತ್ತಿದ್ದ. ಅಳುವ ಮಕ್ಕಳ ತೋಳು ಗೀರಿ ನಾನು ಮದ್ದು ಹಚ್ಚುತ್ತಿದ್ದೆ. ಬೆನ್ನ ಹಿಂದೆ ಬೈಗುಳ ಕೇಳಿಸುತ್ತಿತ್ತು.

ಬಂಡೂರಿನಲ್ಲಿ ಒಂದು ಬೆಳಿಗ್ಗೆ ಒಂದು ಮಗುವೂ ಕಣ್ಣಿಗೆ ಬೀಳಲಿಲ್ಲ. ತಳವಾರನ ಜೊತೆ ಬೀದಿಯಲ್ಲಿ ನಿಂತು ಕೂಗಾಡಿದೆ. ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ ಮುದುಕಿಯೊಬ್ಬಳು ಜಗುಲಿಯಿಂದ ಕರೆದಳು.

"ಬಾರಪ್ಪ, ಇಲ್ಲಿ ಕೂತ್ಕೊ. ಅಂಗೆ ನಿಂತ್ಕಂಡು ಕಿರುಚುದ್ರೆ ಮರಿಗಳೇ ಓಡೋಯ್ತವೆ ಕಣಪ್ಪ, ಇನ್ನು ಮಕ್ಳು ಬಂದಾವಾ?"

"ಕೆಲ್ಸ ಮುಗಿಸ್ಬೇಕಲ್ಲಮ್ಮ."

"ಮುಗೀತದೆ ಬುಡು. ಮೊದ್ಲು ಆ ತಳವಾರನ್ನ ಆಚೆಗೆ ಕಳ್ಸು."

ಕಳಿಸಿದೆ. ಅವಳು ಕೊಟ್ಟ ಮಜ್ಜಿಗೆ ಕುಡಿದು ಕೂತೆ. ಮರಿ ನನ್ನ ತೊಡೆಗೆ ಬಂದು ಒರಗಿತು. ಅದನ್ನು ನೋಡಲು ಮಕ್ಕಳು ಒಬ್ಬೊಬ್ಬರಾಗಿ ಇಣುಕಿದರು, ಹತ್ತಿರ ಬಂದರು. ಸೂಜಿ ತೋರಿಸಿ, ಎಷ್ಟು ನೋಯುತ್ತದೆಂದು ಸುಳ್ಳಿಲ್ಲದೆ ಹೇಳಿದೆ. ಮುದುಕಿ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳ ತೋಳನ್ನು ನನ್ನ ಮುಂದೆ ಹಿಡಿದಳು.

"ಇವ್ಳ ಅಣ್ಣನ್ನ ಸಿಡುಬಮ್ಮ ಕರ್ಕಂಡ್ಲು. ಇವ್ಳಾದ್ರೂ ಉಳೀಲಿ."

ಅವಳಾದ ಮೇಲೆ ಉಳಿದ ಮಕ್ಕಳೂ ತೋಳು ಒಡ್ಡಿದರು. ಎಂಟನೆಯ ದಿನ ಮತ್ತೆ ಹೋದೆ. ಗೀರಿದ ಕಡೆ ಗುಳ್ಳೆ ಎದ್ದಿದ್ದರೆ ದಾಕು ಹತ್ತಿದೆಯೆಂದು ಅರ್ಥ. ಆ ಹುಡುಗಿ ಓಡಿಬಂದು ತೋಳು ಚಾಚಿ, "ನಂದು ನೋಡು, ಎಷ್ಟು ದಪ್ಪಗದೆ!" ಎಂದಳು. ಉಳಿದವರೂ ಮುತ್ತಿಕೊಂಡು, ಯಾರ ಗುಳ್ಳೆ ದೊಡ್ಡದೆಂದು ಜಗಳಕ್ಕೆ ನಿಂತರು. ನನಗೆ ನಗು ತಡೆಯಲಾಗಲಿಲ್ಲ. ನನ್ನ ಕೆಲಸ ನನಗೆ ಇಷ್ಟವಾದದ್ದು ಅಂದೇ ಮೊದಲು.

ಆಮೇಲೆ ತಳವಾರನನ್ನು ಮುಂದೆ ಕಳಿಸುವುದನ್ನು ಬಿಟ್ಟೆ. ಹಾಗೆಂದು ಎಲ್ಲ ಊರಿನವರೂ ಒಪ್ಪಲಿಲ್ಲ. ಮಧ್ಯಾಹ್ನದವರೆಗೆ ಯಾರದೋ ಜಗುಲಿಯಲ್ಲಿ ಕೂತು ಹಾಗೇ ವಾಪಸಾದದ್ದೂ ಉಂಟು. ಮುಂದಿನ ವಾರ ಮತ್ತೆ ಹೋಗುತ್ತಿದ್ದೆ.

ಎರಡನೇ ಮಹಾಯುದ್ಧ ಮುಗಿದ ವರ್ಷ ಸೋದರಮಾವ ಮಳವಳ್ಳಿಯ ನನ್ನ ಕೋಣೆಗೆ ಬಂದರು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಗುಮಾಸ್ತೆ ಕೆಲಸ ಗೊತ್ತುಮಾಡಿದ್ದರು.

"ಅಳ್ಳಿ ಅಳ್ಳಿ ಅಲೆದಿದ್ದು ಸಾಕು ಕಣ್ಲಾ. ನೆಳ್ಳಲ್ಲಿ ಕೂತ್ಕೊ."

"ಬ್ಯಾಡ ಮಾವ. ಈ ಕೆಲ್ಸಾನೇ ನಂಗೆ ಒಗ್ಗಿಬುಟ್ಟದೆ."

ಮಾವ ಊಟವನ್ನೂ ಮಾಡದೆ ಎದ್ದು ಹೊರಟರು. ಅವರ ಸಿಟ್ಟು ಇಳಿಯಲು ಒಂದು ವರ್ಷ ಹಿಡಿಯಿತು. ಬೇಸಿಗೆಯಲ್ಲಿ ಸೈಕಲ್ ತುಳಿಯುವಾಗ ಅವರು ಹೇಳಿದ ನೆರಳು ನೆನಪಾಗುತ್ತಿದ್ದುದು ನಿಜ. ಆದರೂ ಹ್ಯಾಂಡಲ್ ತಿರುಗಿಸಿ ಹಿಂದಕ್ಕೆ ಹೋಗಬೇಕೆಂದು ಅನ್ನಿಸಲಿಲ್ಲ.