ಮಾಮಾ ಹಿಂದಿರುಗಿಸದ ಅಕ್ಕ

ನಮ್ಮ ಡಾಕ್ಟರ್ ಮಾಮಾ ಆಶೀರ್ವಾದ ಮಾಡುವ ರೀತಿಯೇ ಬೇರೆ ಇತ್ತು. ಕಾಲಿಗೆ ಬಿದ್ದವರ ತಲೆಯ ಮೇಲೆ ಇಟ್ಟ ಕೈ ಅಲ್ಲಿಯೇ ನಿಲ್ಲುತ್ತಿರಲಿಲ್ಲ. ಬೆರಳುಗಳು ಕಿವಿಯ ಹಿಂದೆ ಸರಿದು, ಕುತ್ತಿಗೆಗುಂಟ ಇಳಿದು, ಹೆಗಲ ಹತ್ತಿರದ ತಗ್ಗಿನಲ್ಲಿ ಏನನ್ನೋ ಹುಡುಕಿ ಹಿಂದೆ ಸರಿಯುತ್ತಿದ್ದವು. ಕಚಗುಳಿಯಾಗಿ ನಾವು ಹುಡುಗಿಯರು ಕಿಸಕ್ಕನೆ ನಗುತ್ತಿದ್ದೆವು. ಅವು ಗಂಟು ಹುಡುಕುವ ಬೆರಳುಗಳೆಂದು ನಮಗೇನು ಗೊತ್ತು? “ಹೋಗು, ಚೊಕ್ಕ ಅದಿ,” ಎನ್ನುತ್ತಿದ್ದರು. ಅವರ ಬ್ಲೆಸಿಂಗ್ ಅಷ್ಟೇ.

ಅವರು ನನ್ನ ಅವ್ವನ ಒಬ್ಬನೇ ತಮ್ಮ. ಮುಂಬಯಿಯಲ್ಲಿ ಸರ್ಜರಿ ಕಲಿತು ಗದಗಿಗೆ ಬಂದ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಅವರಲ್ಲಿಗೆ ಬರುತ್ತಿದ್ದರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಇಸ್ತ್ರಿಯ ಗೆರೆ ಮುರಿಯದ ಕೋಟು. ನಾನು ಓದುತ್ತಿದ್ದ ಹುಬ್ಬಳ್ಳಿ ಕಾನ್ವೆಂಟಿನ ಸಿಸ್ಟರುಗಳ ಮಾತಿನಲ್ಲಿ ಹೇಳುವುದಾದರೆ ಪರ್ಫೆಕ್ಟ್ ಜಂಟಲ್‌ಮನ್. ಬಾಯಿ ತೆರೆದರೆ ಮಾತ್ರ ಅಪ್ಪಟ ಬೆಟಗೇರಿ. ತಂಬಾಕು ಒತ್ತಿಕೊಂಡು ಬಂದ ಗೌಡರೊಬ್ಬರಿಗೆ, “ಉಗಳಿ ಬರ್ರಿ ಗೌಡ್ರ. ಗಲ್ಲದಾಗೂ ಹೊಲಾ ಬಿತ್ತೀರೇನು?” ಎಂದದ್ದನ್ನು ನಾನೇ ಕೇಳಿದ್ದೇನೆ. ಆಪರೇಷನ್ ಮುಗಿಸಿ ಹೊರಗೆ ಬಂದರೆ ಅವರದು ಒಂದೇ ಮಾತು: “ಕೊಯ್ದೆ, ಮುಗೀತು.” ಕಾದು ಕುಳಿತವರಿಗೆ ಅಷ್ಟು ಸಾಕಾಗುತ್ತಿತ್ತು.

ಊರಿನವರ ಕುತ್ತಿಗೆಯನ್ನೆಲ್ಲ ಮುಟ್ಟಿ ನೋಡಿದ ಆ ಬೆರಳುಗಳು ಅವ್ವನನ್ನು ಮಾತ್ರ ಮುಟ್ಟಲಿಲ್ಲ. ಅಕ್ಕನ ತಲೆಯ ಮೇಲೆ ತಮ್ಮ ಕೈ ಇಡುವುದುಂಟೇ? ಪ್ರತಿ ಹಬ್ಬಕ್ಕೂ ಅವರೇ ಬಗ್ಗಿ ಅವ್ವನ ಕಾಲು ಮುಟ್ಟುತ್ತಿದ್ದರು, ಅವ್ವ ಇವರ ತಲೆಯ ಮೇಲೆ ಕೈ ಇಡುತ್ತಿದ್ದಳು. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ, ಊಟಕ್ಕೆ ಬಂದ ತಮ್ಮನಿಗೆ ರೊಟ್ಟಿ ಬಡಿಸುತ್ತ ಅವ್ವ ತಾನಾಗಿ ಹೇಳಿದಳು.

“ಎದ್ಯಾಗ ಒಂದು ಗಂಟು ಐತೋ. ಹುಣಸಿ ಬೀಜದಷ್ಟು.”

“ಯಾವಾಗಿಂದ?”

“ದೀಪಾವಳಿಗೆ ನೀ ಬಂದಾಗ ಇತ್ತು. ನಾಚಿಕಿ ಆತು, ಹೇಳಲಿಲ್ಲ.”

ಮಾಮಾ ತಾಟಿನಿಂದ ಕೈ ತೆಗೆದರು. ಆ ದಿನ ಅವರು ಮತ್ತೆ ಉಣ್ಣಲಿಲ್ಲ.

ಆಪರೇಷನ್ನಿಗೆ ಅವ್ವ ಒಪ್ಪಿದಳು, ಆದರೆ ಒಂದು ಕಂಡೀಷನ್ ಹಾಕಿ. ನಮ್ಮವರಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. “ನೀ ಕೊಯ್ದದ್ದನ್ನ ನನಗ ತಿರುಗಿ ಕೊಡಬೇಕು. ಕುಣಿಯಾಗ ಕೂಡೋ ದಿವಸ ನಾ ಪೂರ್ತಿ ಆಗಿ ಕೂಡಬೇಕು.”

“ಆತಕ್ಕಾ. ನಿಂದು ನಿನಗ ಕೊಡ್ತೀನಿ.”

“ಮಾತು?”

“ಮಾತು.”

ಅವ್ವ ಚೇತರಿಸಿಕೊಂಡಳು. ಕೊಯ್ದದ್ದು ಔಷಧದ ನೀರಿನಲ್ಲಿ ಮುಳುಗಿ ಮಾಮಾನ ಕಪಾಟಿನ ಗಾಜಿನ ಭರಣಿಯಲ್ಲಿ ಉಳಿಯಿತು. ಆದರೆ ಅವರ ಕೈಯಲ್ಲಿ ಗುಣವಾಗಿ ಹೋಗಿದ್ದ ಬೇರೆ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಬರತೊಡಗಿದ್ದರು. ಹೊಲಿದ ಗಾಯದ ಗೆರೆಯ ಮೇಲೆಯೇ ಹೊಸ ಗಂಟು. ಮಾಮಾ “ಮುಗೀತು” ಎನ್ನುವುದನ್ನು ಬಿಟ್ಟರು. ಆಮೇಲೆ ಆಪರೇಷನ್ನನ್ನೇ ಬಿಟ್ಟು, ಕ್ಯಾನ್ಸರಿನ ಸಂಶೋಧನೆಗೆಂದು ಮತ್ತೆ ಮುಂಬಯಿಗೆ ಹೋಗಿ, ತಲೆ ನರೆತ ಮೇಲೆ ಹುಡುಗರ ಸಾಲಿನಲ್ಲಿ ಸ್ಟೂಡೆಂಟ್ ಆಗಿ ಕುಳಿತರು. ಭರಣಿಯೂ ಜೊತೆಗೆ ಹೋಯಿತು.

ಹತ್ತಿ ವ್ಯಾಪಾರಿಯಾದ ನಮ್ಮಪ್ಪನಿಗೆ ಇದು ದೊಡ್ಡ ಜೋಕ್. “ನಿನ್ನ ತಮ್ಮ ಕತ್ತಿ ಕೆಳಗಿಟ್ಟು ಇಲಿ ಸಾಕ್ಯಾನಂತ!”

“ನಿಮ್ಮ ಗೋದಾಮಿನ್ಯಾಗ ಪುಕಟ ಸಾಕೀರಲ್ಲ, ಅವನ್ನೂ ಕಳಸ್ರಿ,” ಎಂದಳು ಅವ್ವ.

ಮಾಮಾ ಅಲ್ಲಿಯೇ ಲೆಕ್ಚರರ್ ಆದರು, ರೀಡರ್ ಆದರು. ಅಪ್ಪನೊಡನೆ ಮುಂಬಯಿಗೆ ಹೋದಾಗ ಒಮ್ಮೆ ಅವರ ಲ್ಯಾಬೊರೇಟರಿ ನೋಡಿದೆ. ಮೈಕ್ರೋಸ್ಕೋಪಿನ ಮುಂದೆ ನನ್ನನ್ನು ಕೂಡಿಸಿ, “ಒಂದ ಕಣ್ಣು ಮುಚ್ಚಿ ನೋಡು ಬೇಬಿ,” ಎಂದರು. ಗುಲಾಬಿ ಬಣ್ಣದ ನೆಲ, ಅದರ ತುಂಬ ನೇರಳೆ ಚುಕ್ಕಿ, ನಡುನಡುವೆ ಹೊಳೆ ಹರಿದಂಥ ಗೆರೆ.

“ಹೌ ಬ್ಯೂಟಿಫುಲ್, ಮಾಮಾ!”

“ನಿಮ್ಮವ್ವ,” ಎಂದರು.

ನಾನು ಕಣ್ಣು ತೆಗೆದುಬಿಟ್ಟೆ. ಹೊರಗೆ ಟ್ರ್ಯಾಮಿನ ಗಂಟೆ ಕೇಳಿಸುತ್ತಿತ್ತು. ಭರಣಿಯಲ್ಲಿದ್ದದ್ದನ್ನು ಎಳೆಎಳೆಯಾಗಿ ಕೊಯ್ದು, ಬಣ್ಣ ಹಾಕಿ, ಗಾಜಿಗೆ ಅಂಟಿಸಿ ನೋಡಿದ್ದರು. ಉಳಿದದ್ದು ಕೆಲವು ಗಾಜಿನ ಪಟ್ಟಿಗಳು ಮಾತ್ರ. “ಕೊಯ್ಯಾಕ ಬರ್ತಿತ್ತು ಬೇಬಿ. ಇದು ಎಲ್ಲಿ ಅಡಗಿ ಕೂಡ್ತೈತಿ, ಯಾಕ ತಿರುಗಿ ಬರ್ತೈತಿ, ತಿಳೀತಿದ್ದಿಲ್ಲ. ತಿಳೀದ ಕೊಯ್ದೆ,” ಎಂದರು.

ಏಕೀಕರಣವಾಗಿ ಗದಗು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಓಣಿಯಲ್ಲಿ ಪೇಢೆ ಹಂಚುತ್ತಿದ್ದರು. ಅವ್ವನ ಬಾಯಿಗೆ ಅದು ಸೇರಲಿಲ್ಲ. ರೋಗ ಬೆನ್ನೆಲುಬಿಗೆ ಇಳಿದಿತ್ತು. ತಂತಿ ಹೊಡೆಸಿದೆವು, ಮಾಮಾ ರೈಲಿನಲ್ಲಿ ಬಂದರು.

“ತಂದಿ ಏನು?” ಎಂದಳು ಅವ್ವ.

ಕೋಟಿನ ಕಿಸೆಯಿಂದ ಸಣ್ಣ ಕಟ್ಟಿಗೆಯ ಡಬ್ಬಿ ತೆಗೆದು ಅವಳ ಅಂಗೈಯಲ್ಲಿಟ್ಟರು.

“ಇಷ್ಟ ಏನೋ?”

“ಇಷ್ಟ ಉಳದೈತಿ ಅಕ್ಕಾ.”

ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. “ಬಳಿ ಸಪ್ಪಳಾದಂಗ ಆಗ್ತೈತಿ,” ಎಂದು ನಕ್ಕಳು. ಡಬ್ಬಿಯನ್ನು ತಮ್ಮನ ಕೈಗೆ ಕೊಟ್ಟು, “ಮರೀಬ್ಯಾಡ,” ಎಂದಳು. ಆ ವಾರವೇ ಹೋದಳು.

ಕುರ್ತಕೋಟಿ ದಾರಿಯ ನಮ್ಮ ಹೊಲದಲ್ಲಿ ಕುಣಿ ತೋಡಿದ್ದರು. ಎರೆಮಣ್ಣು ಹಸಿಯಾಗಿ ಹೊಳೆಯುತ್ತಿತ್ತು. ಅವ್ವನನ್ನು ಒಳಗೆ ಕೂಡಿಸಿದರು. ವಿಭೂತಿ, ಪತ್ರಿ ಹಾಕಿದ ಮೇಲೆ ಅಯ್ಯನವರು ಕೇಳಿದರು: “ಇನ್ನೇನರ ಇಡೋದೈತೇನ್ರಿ?” ಮಾಮಾ ಕುಣಿಯ ಅಂಚಿನಲ್ಲಿಯೇ ಇದ್ದರು. ಬಲಗೈ ಕೋಟಿನ ಕಿಸೆಯಲ್ಲಿತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಅದು ಹೊರಗೆ ಬರಲಿಲ್ಲ. ಅಯ್ಯನವರು ಇನ್ನೊಮ್ಮೆ ಕೇಳಿ, ಮಣ್ಣು ಎಳೆಯಲು ಹೇಳಿದರು.

ಸ್ಟೇಷನ್ನಿಗೆ ಕಳಿಸಲು ಹೋದಾಗ ಕೇಳಿದೆ. “ಇಡಲಿಲ್ಲ ಅಲ್ಲ, ಮಾಮಾ?”

“ಆಗಲಿಲ್ಲ ಬೇಬಿ. ಇದರಾಗ ಇನ್ನೂ ಏನೋ ಐತಿ, ನನಗ ಕಾಣವಲ್ದು. ಕಂಡ ದಿವಸ ನಾನ ತಂದು ಇಡ್ತೀನಿ.”

“ಅಲ್ಲೀತನಕ ಅವ್ವ?”

ಅವರು ರೈಲು ಹತ್ತಿದರು. ಕಿಟಕಿಯಲ್ಲಿಯೂ ಮುಖ ಕಾಣಿಸಲಿಲ್ಲ. ಅದೇ ಕೊನೆಯ ಭೇಟಿ. ಮಾಮಾ ಪ್ರೊಫೆಸರ್ ಆದರು, ರಿಟೈರ್ ಆದರು, ಮುಂಬಯಿಯಲ್ಲಿಯೇ ತೀರಿಕೊಂಡರು. ಗದಗಿಗೆ ಮತ್ತೆ ಕಾಲಿಡಲಿಲ್ಲ. ಅವ್ವ ಮಾತ್ರ ನನ್ನ ನಿದ್ದೆಯಲ್ಲಿ ಬರುತ್ತಲೇ ಇದ್ದಳು, ಒಂದು ಕಡೆ ಸೆರಗು ಬಿಗಿಯಾಗಿ ಹೊದ್ದು, ಏನೂ ಕೇಳದೆ.

ಮಾಮಾ ಹೋಗಿ ಕೆಲವು ವರ್ಷಗಳ ಮೇಲೆ ಅವರ ಶಿಷ್ಯನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಮುಂಡರಗಿಯವನು, ಮಾಮಾ ಇದ್ದ ಕಾಲೇಜಿನಲ್ಲಿಯೇ ಪ್ರೊಫೆಸರ್. ಚಹಾ ಕುಡಿಯುತ್ತ ಗುರುವಿನ ಸುದ್ದಿ ಹೇಳಿ ನಗಿಸಿದ.

“ಒಂದು ಸ್ಲೈಡ್ ಇತ್ತರಿ ಮೇಡಂ. ಅದನ್ನ ತೋರಸೋ ದಿವಸ ಸರ್ ಕುರ್ಚಿ ಮ್ಯಾಲ ಕೂಡ್ತಿದ್ದಿಲ್ಲ. ಮೊಣಕಾಲು ನಡಗ್ತಿದ್ವು, ಆದ್ರೂ ಪೂರಾ ಕ್ಲಾಸ್ ನಿಂತ ಹೇಳ್ತಿದ್ರು. ನಾವು ಹಿಂದ ಕೂತು ನಗ್ತಿದ್ವಿ.”

ಅದು ಅವರ ಅಕ್ಕ, ನನ್ನ ಅವ್ವ ಎಂದು ಹೇಳಿದೆ. ಅವನು ಕಪ್ಪು ಕೆಳಗಿಟ್ಟ.

“ಅದು ಇನ್ನೂ ಐತ್ರಿ. ಬಣ್ಣ ಮಾಸೈತಿ. ಈಗ ನಾನ ಅದರ ಮ್ಯಾಲ ಪಾಠ ಹೇಳ್ತೀನಿ. ಕಳಿಸಿ ಕೊಡ್ಲೇನ್ರಿ?”

ಕುರ್ತಕೋಟಿ ದಾರಿಯ ಹೊಲ ಆಗಲೇ ಪ್ಲಾಟುಗಳಾಗಿ ಹೋಗಿತ್ತು. ಅವ್ವ ಕುಳಿತಲ್ಲಿ ಯಾರದೋ ಅಡುಗೆಮನೆ ಎದ್ದಿತ್ತು. ತರಿಸಿಕೊಂಡು ಎಲ್ಲಿ ಇಡಲಿ?

“ಪಾಠ ಹೇಳೋವಾಗ ನೀವು ನಿಂತಿರ್ತೀರೇನು?” ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. “ಇಲ್ರಿ. ಕೂತ.”

“ಹಂಗಾರ ಕಳಸ್ರಿ,” ಎಂದೆ.