ಮೂರನೆಯ ಪಟ್ಟಿ

ನಾವು ತುಂಬಿದ್ದನ್ನು ಬಿಟ್ಟು ಬೇರೇನೂ ಕಂಪ್ಯೂಟರಿನಿಂದ ಹೊರಗೆ ಬರುವುದಿಲ್ಲ ಎಂದು ವಾದಿಸಿ ಗೆಳೆಯರ ತಲೆ ತಿನ್ನುತ್ತಿದ್ದವನು ನಾನು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಒಂದು ಮಧ್ಯಾಹ್ನ ಆ ವಾದ ನಿಂತಿತು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ವಿಜಯನಗರದ ಒಂದು ಚಿಕ್ಕ ಡಯಾಲಿಸಿಸ್ ಕೇಂದ್ರಕ್ಕೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮಧ್ಯಾಹ್ನದ ಪಾಳಿಯ ಪಟ್ಟಿ ಖಾಲಿ ಬರುತ್ತಿದೆ ಎಂದು ಸಿಸ್ಟರ್ ಪುಷ್ಪಾ ಫೋನ್ ಮಾಡಿದರು. ರಾಜಾಜಿನಗರದ ಆಫೀಸಿನಿಂದ ಓಡಿದೆ. ಆಗ ಒಂದೂವರೆ ಗಂಟೆ. ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಗದಗ ಕಡೆಯ ನಿವೃತ್ತ ಮೇಷ್ಟ್ರು ಶಿವಲಿಂಗಪ್ಪನವರೂ ಇದ್ದರು. ನನ್ನ ಕಾಲೆಳೆಯದೆ ಅವರಿಗೆ ಸಮಾಧಾನವಿಲ್ಲ.

"ತಮ್ಮಾ, ನನ್ನ ಹೆಸರು ಐತೋ ಇಲ್ಲೋ ನೋಡು. ನಿನ್ನ ಪೆಟಗಿ ನಮ್ಮನ್ನ ಮರತೈತೇನು ಮತ್ತ?"

ತಪ್ಪು ನನ್ನದೇ. ಪಟ್ಟಿಯನ್ನು ತೆಗೆದುಕೊಡುವ ಸ್ಟೋರ್ಡ್ ಪ್ರೊಸೀಜರನ್ನು, ಅಂದರೆ ಡೇಟಾಬೇಸಿನೊಳಗೇ ಬರೆದಿಟ್ಟ ಆಜ್ಞೆಗಳ ಕಟ್ಟನ್ನು, ಹಿಂದಿನ ದಿನ ತಿದ್ದಿದ್ದೆ. ಈಗ ಅದು ಪಟ್ಟಿಗಿಂತ ಮೊದಲು 'ಇಷ್ಟು ಸಾಲು ಬದಲಾಯಿತು' ಎಂಬ ಸಂದೇಶ ಕಳಿಸುತ್ತಿತ್ತು, ಪ್ರೋಗ್ರಾಂ ಅದನ್ನೇ ಪಟ್ಟಿ ಎಂದುಕೊಳ್ಳುತ್ತಿತ್ತು. ಖಾತ್ರಿ ಮಾಡಿಕೊಳ್ಳಲು, ಪ್ರೊಸೀಜರಿನಿಂದ ಬಂದ ಉತ್ತರಗಳನ್ನೆಲ್ಲ ಒಂದೊಂದಾಗಿ ತೆರೆದೆ. ಮೊದಲನೆಯದು ಖಾಲಿ. ಎರಡನೆಯದರಲ್ಲಿ ಎಂಟು ಜನ. ಶಿವಲಿಂಗಪ್ಪನವರಿಗೆ ಆರನೇ ಹಾಸಿಗೆ. ಅಲ್ಲಿಗೆ ಮುಗಿಯಬೇಕಿತ್ತು. ಮೂರನೆಯದೊಂದು ಬಂತು.

ಅದರಲ್ಲಿ ಒಂದೇ ಸಾಲು. ಶಿವಲಿಂಗಪ್ಪ, ನಾಲ್ಕನೇ ಹಾಸಿಗೆ, ಅಂದಿನದೇ ತಾರೀಖು, ಯಂತ್ರದಿಂದ ಬಿಡಿಸಿದ ಸಮಯ ಮೂರು ನಲವತ್ತು. ಅವರಿನ್ನೂ ಬೆಂಚಿನ ಮೇಲೇ ಕೂತಿದ್ದರು! ಪ್ರೊಸೀಜರನ್ನು ಅಕ್ಷರ ಬಿಡದೆ ಓದಿದೆ. ಅದರಲ್ಲಿ ಪಟ್ಟಿ ಕೇಳುವ ಆಜ್ಞೆ ಒಂದೇ ಇತ್ತು. ಡೇಟಾಬೇಸ್ ಪೂರ್ತಿ ಹುಡುಕಿದೆ. ಆ ಸಾಲು ಎಲ್ಲೂ ಇರಲಿಲ್ಲ.

"ಸಾರ್, ಆಯ್ತಾ? ಎಲ್ಲಾ ನನ್ನ ಬೈತಾ ಇದಾರೆ," ಎಂದರು ಸಿಸ್ಟರ್.

ನಮ್ಮ ಕಸುಬಿನವರು ಮಾಡುವುದನ್ನೇ ನಾನೂ ಮಾಡಿದೆ. ಸಂದೇಶ ನಿಲ್ಲಿಸಿ, ಮೊದಲ ಪಟ್ಟಿ ಓದಿದ ಮೇಲೆ ಮುಂದೇನು ಬಂದರೂ ನೋಡಬೇಡ ಎಂದು ಪ್ರೋಗ್ರಾಮಿಗೆ ಹೇಳಿ ಎದ್ದೆ.

"ಐತೇನಪಾ ನನ್ನ ಹೆಸರು?"

"ಇದೆ ಸಾರ್," ಎಂದೆ. ಎರಡು ಕಡೆ ಇದೆ ಎನ್ನಲು ನಾಚಿಕೆಯಾಯಿತು.

ಸಂಜೆ ಸಿಸ್ಟರ್ ಮತ್ತೆ ಫೋನ್ ಮಾಡಿದರು. ಅಳುತ್ತಿದ್ದರು. ಆರನೇ ಹಾಸಿಗೆಯ ಯಂತ್ರ ಕೆಟ್ಟು ಮೇಷ್ಟ್ರನ್ನು ಬೇರೆ ಕಡೆ ಮಲಗಿಸಿದ್ದರಂತೆ. ಬಿ.ಪಿ. ಇದ್ದಕ್ಕಿದ್ದಂತೆ ಇಳಿದು ಹೋಯಿತಂತೆ, ಉಳಿಯಲಿಲ್ಲವಂತೆ. ಪಾಳಿ ಶುರುವಾದ ಮೇಲೆ ಹಾಸಿಗೆ ಬದಲಿಸಲು ನನ್ನ ಪ್ರೋಗ್ರಾಂ ಬಿಡುತ್ತಿರಲಿಲ್ಲ.

"ನೀವೇ ಬಂದು ಎಂಟ್ರಿ ಮಾಡ್ಬಿಡಿ ಸಾರ್. ನಾಲ್ಕನೇ ಬೆಡ್. ಟೈಮು ಮೂರು ನಲವತ್ತು."

ಆ ಸಾಲು ಎಲ್ಲಿಂದ ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ ಅದೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಅದನ್ನು ಡೇಟಾಬೇಸಿಗೆ ತುಂಬಿದವನು ಮಾತ್ರ ನಾನೇ.